ಮಂಜೋ, ಮಬ್ಬೋ, ಮಸುಕೋ?

ಗುಂಡ್ಲುಪೇಟೆ ಕಡೆಯ ಒಂದು ಹಳ್ಳಿಯಲ್ಲಿ ನಡೆದ ಕಣ್ಣಿನ ತಪಾಸಣೆ ಶಿಬಿರಕ್ಕೆ ನಮ್ಮ ದೊಡ್ಡವ್ವನನ್ನು ಕರೆದುಕೊಂಡು ಹೋಗಿದ್ದೆ. ಶಾಲೆಯ ಜಗಲಿಯಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಹುಡುಗ ಹೆಸರು, ವಯಸ್ಸು ಬರೆದುಕೊಂಡು, 'ಅಜ್ಜಿ, ಬ್ಲರ್ ಆಗಿ ಕಾಣುತ್ತಾ?' ಎಂದು ಕೇಳಿದ.

'ಅಂಗಂದ್ರೆ ಯಾನಪ್ಪ?' ಎಂದಳು ದೊಡ್ಡವ್ವ.

'ಮಸುಕು ಮಸುಕಾಗಿ ಕಾಣುತ್ತಾ ಅಂತ.'

'ಮಸುಕಲ್ಲ ಕಣಪ್ಪ. ಗೋಪಾಲಸ್ವಾಮಿ ಬೆಟ್ಟದ ಮೇಲೆ ಮಂಜು ಮುಚ್ಕತ್ತದಲ್ಲ, ಅಂಗೆ. ಬಿಸ್ಲಿಗೆ ವೋದ್ರೆ ಇನ್ನೂ ಜಾಸ್ತಿ. ಮೊಬ್ಬಲ್ಲಿ ಅಷ್ಟಿಲ್ಲ.'

ಹುಡುಗ ತಲೆಯಾಡಿಸಿ ಚೀಟಿಯಲ್ಲಿ ಒಂದೇ ಪದ ಬರೆದ: ಬ್ಲರ್. ಅವನದು ತಪ್ಪೆಂದು ನಾನು ಹೇಳುವುದಿಲ್ಲ, ಹಿಂದೆ ನೂರು ಜನ ಸಾಲಿನಲ್ಲಿದ್ದರು. ಆದರೆ ದೊಡ್ಡವ್ವ ಹೇಳಿದ್ದರಲ್ಲಿ ಕಾಯಿಲೆಯ ಅರ್ಧ ಗುರುತು ಇತ್ತು. ಕಣ್ಣಿನ ಮಸೂರ ಬೆಳ್ಳಗಾಗಿ ಪೊರೆ ಕಟ್ಟಿದಾಗ ಒಳಗೆ ಬಂದ ಬೆಳಕು ನೇರವಾಗಿ ಹೋಗದೆ ಚೆದುರುತ್ತದೆ. ಪೊರೆ ಮಸೂರದ ನಡುವಿನಲ್ಲಿದ್ದರೆ ಬಿಸಿಲಿಗೆ ಪಾಪೆ ಕಿರಿದಾದಾಗ ಪೂರ್ತಿ ಅದರ ಮೂಲಕವೇ ನೋಡಬೇಕಾಗುತ್ತದೆ, ಮಬ್ಬು ಬೆಳಕಿನಲ್ಲಿ ಪಾಪೆ ಹಿಗ್ಗಿದಾಗ ಅಂಚಿನಿಂದಲೂ ಒಂದಿಷ್ಟು ನೋಟ ಸಿಗುತ್ತದೆ. ಮಂಜು ಎಂದದ್ದೂ ಸರಿ, ಬಿಸಿಲಿಗೆ ಜಾಸ್ತಿ ಎಂದದ್ದೂ ಸರಿ. ಅವಳು ಒಂದೇ ಉಸಿರಿನಲ್ಲಿ ಮಸುಕು, ಮಂಜು, ಮೊಬ್ಬು ಎಂಬ ಮೂರನ್ನು ಬೇರೆ ಬೇರೆ ಮಾಡಿ ಇಟ್ಟಳು. ಚೀಟಿ ಆ ಮೂರನ್ನೂ ಕಲಸಿಬಿಟ್ಟಿತು. ಅಂದಿನಿಂದ ಈ ಪದಗಳನ್ನು ಕಿವಿಗೊಟ್ಟು ಕೇಳುತ್ತಾ ಬಂದಿದ್ದೇನೆ.

ಮೊದಲು ಇಂಗ್ಲಿಷಿನ ಪದವನ್ನೇ ನೋಡೋಣ. 'ಬ್ಲರ್' ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಂಡಿದ್ದು 16ನೇ ಶತಮಾನದಲ್ಲಿ. ಆಗ ಅದರ ಅರ್ಥ ಕಾಗದದ ಮೇಲೆ ಶಾಯಿ ಸವರಿಹೋದ ಕಲೆ. ಅಲ್ಲಿಂದ ಮನುಷ್ಯನ ಹೆಸರಿಗೆ ಹತ್ತಿದ ಕಳಂಕಕ್ಕೂ ಅದನ್ನು ಬಳಸಿದರು. ಕ್ಯಾಮೆರಾ ಬಂದಮೇಲೆ ಚಿತ್ರಕ್ಕೆ ಅಂಟಿಕೊಂಡಿತು, ಚಿತ್ರ ಫೋನಿಗೆ ಬಂದಮೇಲೆ ಚಾಮರಾಜನಗರದ ಸಂತೆಯಲ್ಲಿ ಅರಿಶಿನ ಮಾರುವವನ ಬಾಯಿಗೂ ಬಂತು. 'ವೇಗ್' ಎಂಬ ಇನ್ನೊಂದು ಪದದ ಹಾದಿ ಬೇರೆ. ಅದು ಲ್ಯಾಟಿನ್ನಿನಲ್ಲಿ 'ಅಲೆದಾಡುವ' ಎಂಬ ಅರ್ಥದ ಮಾತಿನಿಂದ ಹುಟ್ಟಿದ್ದು, ಒಂದು ಕಡೆ ನಿಲ್ಲದ್ದು. ಒಂದು ಸವರಿದ್ದು, ಇನ್ನೊಂದು ಅಲೆಯುವುದು. ಇಂಗ್ಲಿಷಿನಲ್ಲಿ ಈ ಭೇದ ಇನ್ನೂ ಉಳಿದಿದೆ. ಚಿತ್ರ ಬ್ಲರ್ ಆಗುತ್ತದೆ, ಉತ್ತರ ವೇಗ್ ಆಗುತ್ತದೆ. ನಾವು ಎರಡಕ್ಕೂ 'ಅಸ್ಪಷ್ಟ' ಎಂದು ಬರೆದು ಮುಂದೆ ಹೋಗುತ್ತೇವೆ.

ಸವರುವ ಕಲ್ಪನೆ ನಮಗೇನೂ ಹೊಸದಲ್ಲ. 'ಸಂದಿಗ್ಧ', 'ಸಂದೇಹ' ಎರಡೂ ಹುಟ್ಟಿರುವುದು ಬಳಿ, ಲೇಪಿಸು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ. ಸಂದಿಗ್ಧವೆಂದರೆ ಮೂಲದಲ್ಲಿ ಮೆತ್ತಿಕೊಂಡದ್ದು, ಬಳಿದುಹೋದದ್ದು. ಶಾಯಿ ಸವರಿದ ಕಾಗದಕ್ಕೂ ಎರಡು ಅರ್ಥದ ನಡುವೆ ಸಿಕ್ಕಿಬಿದ್ದ ಮನಸ್ಸಿಗೂ ಎರಡು ದೂರದ ಭಾಷೆಗಳು ಒಂದೇ ಚಿತ್ರ ಕಂಡಿವೆ ಎಂಬುದು ನನಗೆ ತುಂಬ ಸಂತೋಷ ಕೊಟ್ಟ ಸಂಗತಿ.

ಆದರೂ ಸಂಸ್ಕೃತದಿಂದ ಬಂದ ಹೆಚ್ಚಿನ ಪದಗಳು, ಅಂದರೆ ಅಸ್ಪಷ್ಟ, ಅಸ್ಫುಟ, ಅವ್ಯಕ್ತ, ಅನಿಶ್ಚಿತ ಮುಂತಾದವು, ಏನು ಇಲ್ಲ ಎಂಬುದನ್ನು ಹೇಳುತ್ತವೆ. ಸ್ಪಷ್ಟತೆ ಇಲ್ಲ, ನಿಶ್ಚಯ ಇಲ್ಲ. ಕನ್ನಡದ ಪದಗಳು ಏನು ಇದೆ ಎಂಬುದನ್ನು ಹೇಳುತ್ತವೆ. ಮಂಜು ಇದೆ, ಮಬ್ಬು ಇದೆ, ಪೊರೆ ಇದೆ, ಮುಸುಕು ಇದೆ. ನೋಟಕ್ಕೆ ಅಡ್ಡ ಬಂದ ವಸ್ತುವಿಗೆ ಒಂದು ಮೈ ಇದೆ, ಒಂದು ಜಾಗ ಇದೆ. ಗಾಳಿಯಲ್ಲೋ, ಬೆಳಕಿನಲ್ಲೋ, ಬಟ್ಟೆಯಲ್ಲೋ, ನೀರಿನಲ್ಲೋ, ಕಣ್ಣಿನಲ್ಲೋ, ಬುದ್ಧಿಯಲ್ಲೋ ಎಂದು ಪದವೇ ಬೆರಳು ಮಾಡಿ ತೋರಿಸುತ್ತದೆ.

ಗಾಳಿಯಿಂದಲೇ ಶುರು ಮಾಡಬೇಕು, ಏಕೆಂದರೆ ಗುಂಡ್ಲುಪೇಟೆಯವರಿಗೆ ಮಂಜು ಎಂದರೆ ಬೆಟ್ಟ. ಬಂಡೀಪುರದ ಕಾಡಿನೊಳಗೆ 1,454 ಮೀಟರ್ ಎತ್ತರದಲ್ಲಿರುವ ಗೋಪಾಲಸ್ವಾಮಿ ಬೆಟ್ಟಕ್ಕೆ 'ಹಿಮವದ್' ಎಂಬ ವಿಶೇಷಣ ಸೇರಿಕೊಂಡಿದೆ. ಹಿಮ ಅಲ್ಲಿ ಬೀಳುವುದಿಲ್ಲ, ಬೀಳುವುದು ಮಂಜೇ. ಕನ್ನಡದ 'ಮಂಜು' ಎರಡಕ್ಕೂ ಸಲ್ಲುವುದರಿಂದ ಊರಿನವರಿಗೆ ಅದರಲ್ಲಿ ಗೊಂದಲವೇನಿಲ್ಲ. ಬೆಳಿಗ್ಗೆ ಹಂಗಳದ ಕಡೆಯಿಂದ ನೋಡಿದರೆ ಬೆಟ್ಟದ ನೆತ್ತಿಯ ಮೇಲೆ ಮೋಡ ಕೂತಿರುತ್ತದೆ. ತಪ್ಪಲಿನಿಂದ ಸಾರಿಗೆ ಬಸ್ ಹತ್ತಿ ಮೇಲೆ ಹೋದರೆ ಆ ಮೋಡವೇ ಇಲ್ಲ, ಎಲ್ಲ ಕಡೆ ಮಂಜು. ಕೆಳಗಿನವರಿಗೆ ಅಂಚು ಇರುವ ಒಂದು ವಸ್ತು, ಒಳಗಿನವರಿಗೆ ಅಂಚೇ ಕಾಣದ ಒಂದು ಸ್ಥಿತಿ. ಅದೇ ನೀರಿನ ಹನಿ, ಅದೇ ಗಾಳಿ. ಹವಾಮಾನ ಶಾಸ್ತ್ರ ಇದಕ್ಕೊಂದು ಗೆರೆ ಎಳೆದಿದೆ. ಒಂದು ಕಿಲೋಮೀಟರಿಗಿಂತ ಕಡಿಮೆ ದೂರ ಕಂಡರೆ ದಟ್ಟ ಮಂಜು, ಅದಕ್ಕಿಂತ ಹೆಚ್ಚು ಕಂಡರೆ ತೆಳುಮಂಜು. ನಮ್ಮಲ್ಲಿ 'ಕಾವಳ' ಎಂಬ ಹಳೆಯ ಪದ ಇದೆ, ಕತ್ತಲನ್ನೂ ದಟ್ಟ ಮಂಜನ್ನೂ ಒಟ್ಟಿಗೆ ಹೇಳುವಂಥದ್ದು. ಎಲೆಯ ಮೇಲೆ ಕೂತ ಹನಿಗೆ ಇಬ್ಬನಿ. ಕಾವಳವನ್ನು ಪತ್ರಿಕೆಗಳು ಮರೆಯುತ್ತಿರುವುದು ನನಗೆ ನೋವಿನ ವಿಷಯ, ಹವಾಮಾನದ ಸುದ್ದಿಗೆ ಅಷ್ಟು ಒಳ್ಳೆಯ ಪದ ಬೇರೆ ಸಿಗದು.

ಗುಂಡ್ಲುಪೇಟೆ ಮೂರು ನುಡಿಗಳ ಕೂಡುದಾರಿ. ಒಂದು ರಸ್ತೆ ಸುಲ್ತಾನ್ ಬತ್ತೇರಿಗೆ, ಇನ್ನೊಂದು ಗೂಡಲೂರು, ಊಟಿಗೆ. ಈ ದಾರಿಗಳಲ್ಲಿ ಪದಗಳೂ ಓಡಾಡಿವೆ, ಇಲ್ಲವೇ ಎಲ್ಲರೂ ಒಂದೇ ಹಳೆಯ ಮನೆಯಿಂದ ಪಾಲು ತಂದುಕೊಂಡಿದ್ದಾರೆ. ಮಲಯಾಳಿಗರು ನಮ್ಮ ಮಂಜಿಗೂ ಹಿಮಕ್ಕೂ 'ಮಞ್ಞ್' ಎನ್ನುತ್ತಾರೆ. ತಮಿಳಿನ ಹಳೆಯ ಕಾವ್ಯಭಾಷೆಯಲ್ಲಿ 'ಮಞ್ಜು' ಮೋಡವೂ ಹೌದು, ಮಂಜೂ ಹೌದು. ಬೆಟ್ಟದ ಕೆಳಗಿನ ನೋಟ, ಮೇಲಿನ ನೋಟ ಎರಡನ್ನೂ ಅವರು ಒಂದೇ ಪದದಲ್ಲಿ ಇಟ್ಟುಕೊಂಡಿದ್ದರು. ನಮ್ಮ 'ಮಬ್ಬು' ತೆಲುಗಿಗೆ ಹೋದರೆ ಮೋಡವೇ ಆಗುತ್ತದೆ. ತಮಿಳಿನಲ್ಲಿ 'ಮಪ್ಪು' ಮೋಡ ಕವಿದದ್ದಕ್ಕೂ ಕುಡಿದ ಅಮಲಿಗೂ ಸಲ್ಲುತ್ತದೆ. ನಮ್ಮ 'ಮಂಕು' ತಮಿಳಿನಲ್ಲಿ ದೀಪದ ಬೆಳಕು ಕುಂದುವ 'ಮಂಗು'ವಿನ ನೆಂಟ. ಕನ್ನಡ ಮಾತ್ರ ಈ ಕುಟುಂಬದ ಒಬ್ಬೊಬ್ಬರಿಗೂ ಬೇರೆ ಬೇರೆ ಕೆಲಸ ಹಚ್ಚಿದೆ.

ಮಬ್ಬು ಬೆಳಕಿನ ಕೊರತೆ. ಮಂಜಿನಲ್ಲಿ ಬೆಳಕು ಇರಬಹುದು, ಬೆಳ್ಳಗೆ ಕಣ್ಣು ಕುಕ್ಕುವಷ್ಟೂ ಇರಬಹುದು. ಮಬ್ಬಿನಲ್ಲಿ ಬೆಳಕೇ ಸಾಲದು. ನಮ್ಮ ಕಡೆ ಅದು 'ಮೊಬ್ಬು' ಆಗಿ, ಹೊತ್ತಿನ ಹೆಸರೂ ಆಗಿಬಿಟ್ಟಿದೆ. 'ಮೊಬ್ಬಲ್ಲೇ ಎದ್ದು ನೀರು ಕಟ್ಟಕ್ಕೋದ' ಎಂದರೆ ಬೆಳಕು ಹರಿಯುವ ಮುಂಚೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಸುಕು, ಮೊಬ್ಬು, ಮುಸ್ಸಂಜೆ, ದನಗಳ ಕಾಲಿನ ಧೂಳಿನಿಂದ ಹೆಸರು ಪಡೆದ ಗೋಧೂಳಿ, ಹೀಗೆ ಹಗಲು ರಾತ್ರಿಗಳ ಎರಡು ಹೊಲಿಗೆಯಲ್ಲಿ ಇಷ್ಟೊಂದು ಪದ. ಕಾರಣ ತಿಳಿಯಲು ಕಾಡಂಚಿನಲ್ಲಿ ಇರಬೇಕು. ಆನೆ, ಹಂದಿ ಹೊಲಕ್ಕೆ ಇಳಿಯುವುದು ಈ ಹೊತ್ತಿನಲ್ಲೇ. ಎದುರಿಗೆ ನಿಂತದ್ದು ಬಂಡೆಯೋ ಸಲಗವೋ ಎಂದು ತಿಳಿಯದ ಬೆಳಕಿಗೆ ಒಂದು ಹೆಸರು ಬೇಕೇ ಬೇಕು.

ಈ ಹೊತ್ತಿನ ಅಂಚಿಲ್ಲದಿಕೆ ಕಾನೂನಿಗೂ ಒಂದು ಪ್ರಶ್ನೆ ಒಡ್ಡಿತು. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ ರಾತ್ರಿ ಸಂಚಾರ ನಿಷೇಧಿಸಿತು, ಮರುವರ್ಷ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ 'ರಾತ್ರಿ' ಯಾವಾಗ ಶುರುವಾಗುತ್ತದೆ? ಆದೇಶಕ್ಕೆ ಗಡಿಯಾರ ಬೇಕು, ರಾತ್ರಿ 9ರಿಂದ ಬೆಳಿಗ್ಗೆ 6 ಎಂದು ಬರೆದರು. ಪ್ರಾಣಿಗಳು ಓಡಾಡುವ ಮಬ್ಬುಗತ್ತಲೆಯ ಸಾಕಷ್ಟು ಭಾಗ ಗೆರೆಯ ಹೊರಗೇ ಉಳಿಯಿತು. ಗೆರೆ ಬೇಡವಿತ್ತು ಎಂದು ನಾನು ಹೇಳುತ್ತಿಲ್ಲ. ಗೆರೆ ಇಲ್ಲದಿದ್ದರೆ ಗೇಟು ಹಾಕುವವನ ಕೈ ನಡೆಯದು. ಆದರೆ ಗೆರೆ ಇರುವುದು ಕಾಗದದಲ್ಲಿ, ಮುಸ್ಸಂಜೆ ಇರುವುದು ಕಾಡಿನಲ್ಲಿ ಎಂಬುದನ್ನು ವಾಹನ ಓಡಿಸುವವರು ನೆನಪಿಡಬೇಕು.

ಮಸುಕು ಇನ್ನೊಂದು ಬಗೆ. ಅದು ವಸ್ತುವಿನ ಮೈಮೇಲೆ ಆಗುವಂಥದ್ದು. ಕನ್ನಡಿ ಮಸುಕಾಗುತ್ತದೆ, ಹಿತ್ತಾಳೆ ಮಸುಕಾಗುತ್ತದೆ, ಲಾಟೀನಿನ ಬುರುಡೆ ಮಸಿ ಹಿಡಿದು ಮಸುಕಾಗುತ್ತದೆ. ಅದರ ಪಕ್ಕದ್ದು 'ಮಾಸು', ಇದರಲ್ಲಿ ಕಾಲ ಸೇರಿಕೊಂಡಿದೆ. ಬಟ್ಟೆ ಮಾಸುತ್ತದೆ, ಬಣ್ಣ ಮಾಸುತ್ತದೆ, ನೆನಪು ಮಾಸುತ್ತದೆ. ದಿನಗಳ ಸವೆತ ಇಲ್ಲದೆ ಯಾವುದೂ ಮಾಸುವುದಿಲ್ಲ. ಮುಸುಕು ಎಂದರೆ ಹೊದಿಕೆ, ಮೇಲಿನಿಂದ ಎಳೆದುಕೊಂಡದ್ದು. ನಮ್ಮ ತಾಲೂಕಿನ ಹೊಲಗಳ ಮುಸುಕಿನ ಜೋಳ ತೆನೆಗೆ ಮುಸುಕು ಹಾಕಿಕೊಂಡೇ ಬೆಳೆಯುತ್ತದೆ. ಮಸುಕಿಗೂ ಮುಸುಕಿಗೂ ಇರುವುದು ಒಂದು ಕೊಂಬಿನ ವ್ಯತ್ಯಾಸ, ಆದರೆ ಮಸುಕು ತಾನಾಗಿ ಆಗುತ್ತದೆ, ಮುಸುಕನ್ನು ಯಾರೋ ಹಾಕುತ್ತಾರೆ. ಈ ಭೇದ ಸುದ್ದಿಮನೆಯಲ್ಲಿ ತುಂಬ ಮುಖ್ಯ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡಬಾರದು ಎಂದು ಕಾನೂನು ಹೇಳುತ್ತದೆ. ಅದಕ್ಕಾಗಿ ಟಿವಿಯಲ್ಲಿ ಮುಖವನ್ನು ಕಲಸಿ ತೋರಿಸುತ್ತಾರೆ, 'ಬ್ಲರ್ ಮಾಡಲಾಗಿದೆ' ಎನ್ನುತ್ತಾರೆ, ಕೆಲವರು ಅದನ್ನೇ 'ಮಸುಕುಗೊಳಿಸಲಾಗಿದೆ' ಎಂದು ಬರೆಯುತ್ತಾರೆ. ಅದು ಮಸುಕಲ್ಲ, ಕಾಪಾಡಲೆಂದು ಹಾಕಿದ ಮರೆ. 'ಮುಖ ಮರೆಸಿದೆ' ಎಂದರೆ ಎರಡೇ ಪದದಲ್ಲಿ ಉದ್ದೇಶವೂ ಗೌರವವೂ ಬರುತ್ತವೆ.

ಮಾಸುವುದರ ಜೊತೆ ಹೆಣಗಿದವರು ಶಾಸನ ಓದುವವರು. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ 4ನೇ ಸಂಪುಟ 1898ರಲ್ಲಿ ಹೊರಬಂತು. ಚಾಮರಾಜನಗರ, ಯಳಂದೂರು, ಗುಂಡ್ಲುಪೇಟೆ ತಾಲೂಕುಗಳ ಶಾಸನಗಳು ಅದರಲ್ಲಿವೆ. ಕಲ್ಲಿಗೆ ಒದ್ದೆ ಕಾಗದ ಬಡಿದು, ಮಸಿ ಹಚ್ಚಿ ಅಚ್ಚು ತೆಗೆಯುವುದು ಶಾಸನತಜ್ಞರ ವಿಧಾನ. ಓದಲಾಗದ ಅಕ್ಷರವನ್ನು ಅವರು ಒಂದೇ ಪದದಲ್ಲಿ ಹೇಳಿ ಮುಗಿಸುವುದಿಲ್ಲ. ಮಳೆಗಾಳಿಗೆ ಸವೆದದ್ದು ಬೇರೆ, ಕಲ್ಲು ಒಡೆದು ತ್ರುಟಿತವಾದದ್ದು ಬೇರೆ, ಯಾರೋ ಬೇಕೆಂದೇ ಕೆತ್ತಿ ಅಳಿಸಿದ್ದು ಬೇರೆ. ಸವೆದ ಅಕ್ಷರವನ್ನು ಓರೆ ಬೆಳಕಿನಲ್ಲಿ ಓದಬಹುದು, ಒಡೆದು ಹೋದದ್ದನ್ನು ಊಹಿಸಬೇಕು, ಅಳಿಸಿದ್ದಕ್ಕೆ ಒಂದು ಚರಿತ್ರೆಯೇ ಇರುತ್ತದೆ. ಅಸ್ಪಷ್ಟತೆಯನ್ನು ಹೀಗೆ ವಿಂಗಡಿಸುವ ಶಿಸ್ತು ಇರುವುದರಿಂದಲೇ ಊರಬಾಗಿಲ ವೀರಗಲ್ಲು ಇಂದಿಗೂ ಮಾತಾಡುತ್ತದೆ.

ಹುಲಿ ಎಣಿಸುವವರಿಗೂ ಇದೇ ಶಿಸ್ತು ಬೇಕು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆಯ್ದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಪಕ್ಕದ ನಾಗರಹೊಳೆಯಲ್ಲಿ 1990ರ ದಶಕದಲ್ಲಿ ಕೆ. ಉಲ್ಲಾಸ ಕಾರಂತರು ಕ್ಯಾಮೆರಾ ಬಲೆಯಿಂದ ಹುಲಿಗಳನ್ನು ಅಂದಾಜು ಮಾಡುವ ವಿಧಾನವನ್ನು ಬೆಳೆಸಿದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ಅದರ ಎಡ ಮಗ್ಗುಲಿನ ಪಟ್ಟೆ ಬಲಕ್ಕೂ ಇಲ್ಲ. ಪಟ್ಟೆ ಕಲೆಸಿಹೋದ ಚಿತ್ರದಲ್ಲಿ ಹುಲಿ ಇದೆ, ಆದರೆ ಯಾವ ಹುಲಿ ಎಂಬುದಿಲ್ಲ. ಚಿತ್ರ ಕೆಟ್ಟಿದ್ದು ಹುಲಿ ಓಡಿದ್ದರಿಂದಲೋ, ಫೋಕಸ್ ತಪ್ಪಿದ್ದರಿಂದಲೋ, ಲೆನ್ಸಿಗೆ ಇಬ್ಬನಿ ಹಿಡಿದಿದ್ದರಿಂದಲೋ? ಮೊದಲನೆಯದಕ್ಕೆ ಕ್ಯಾಮೆರಾದ ಬೆಳಕು ಸರಿಮಾಡಬೇಕು, ಎರಡನೆಯದಕ್ಕೆ ಕ್ಯಾಮೆರಾ ಕಟ್ಟಿದ ದೂರ ಬದಲಿಸಬೇಕು, ಮೂರನೆಯದಕ್ಕೆ ಒಂದು ಒಣಬಟ್ಟೆ ಸಾಕು. 'ಬ್ಲರ್ ಆಗಿದೆ' ಎಂದಷ್ಟೇ ಬರೆದರೆ ನಾಳೆಯ ಚಿತ್ರವೂ ಹಾಗೇ ಬರುತ್ತದೆ. ಜಪಾನೀಯರು ಹಿನ್ನೆಲೆ ಚೆಂದವಾಗಿ ಕರಗುವುದಕ್ಕೆ 'ಬೊಕೆ' ಎಂಬ ಪದ ಇಟ್ಟುಕೊಂಡಿದ್ದರು. 1990ರ ದಶಕದ ಕೊನೆಗೆ ಇಂಗ್ಲಿಷ್ ಛಾಯಾಗ್ರಾಹಕರು ಅದನ್ನು ಎರವಲು ಪಡೆದರು. ತಮ್ಮಲ್ಲಿ ಇಲ್ಲದ ಭೇದ ಕಂಡಾಗ ಅವರೂ ಪದ ಹುಡುಕಿಕೊಂಡು ಹೋದರಲ್ಲ, ನಮ್ಮಲ್ಲಿ ಇರುವುದನ್ನು ನಾವೇಕೆ ಬಿಡಬೇಕು?

ಬುದ್ಧಿಗೆ ಕವಿಯುವುದು ಮಂಕು. ಮಂಕು ಬಡಿಯುತ್ತದೆ, ಮಂಕುಬೂದಿ ಎರಚುತ್ತಾರೆ. ಡಿ.ವಿ.ಜಿ. ಅವರು 1943ರ 'ಮಂಕುತಿಮ್ಮನ ಕಗ್ಗ'ಕ್ಕೆ ಈ ಹೆಸರನ್ನೇ ಆಯ್ದುಕೊಂಡರು. ನೀರಿಗೆ ಬರುವುದು ಕದಡು, ಬಗ್ಗಡ, ರಾಡಿ. ದಾರಕ್ಕೆ, ಮಾತಿಗೆ ಗೋಜಲು. ಕಣ್ಣಿಗೆ ಪೊರೆ. ಈ ಪೊರೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹಾವು ಬಿಡುವುದೂ ಪೊರೆಯೇ, ಅದು ಪೊರೆ ಬಿಡುವ ಮುಂಚಿನ ಕೆಲವು ದಿನ ಹಾವಿನ ಕಣ್ಣೂ ನೀಲಿ ಬೆಳ್ಳಗಾಗಿ ಮಂಜು ಕಟ್ಟುತ್ತದೆ. ಹೊಲದಲ್ಲಿ ಹಾವು ಕಂಡವರ ಭಾಷೆಯಲ್ಲಿ ಕಣ್ಣಿನ ಕಾಯಿಲೆಗೂ ಹಾವಿನ ಚರ್ಮಕ್ಕೂ ಒಂದೇ ಹೆಸರು ಇರುವುದು ನನಗಂತೂ ಸಹಜವಾಗಿ ಕಾಣುತ್ತದೆ. ನಲವತ್ತಕ್ಕೆ ಬರುವ ಚಾಳೀಸು ಪೊರೆಯಲ್ಲ ಎಂಬುದೂ ಅವರಿಗೆ ಗೊತ್ತು.

ಈ ಪದಗಳ ಬೆಲೆ ನನಗೆ ಪೂರ್ತಿ ತಿಳಿದದ್ದು ಅವುಗಳ ಜೊತೆ ಬರುವ ಕ್ರಿಯಾಪದ ಗಮನಿಸಿದಾಗ. ಮಂಜು ಕರಗುತ್ತದೆ. ಮಬ್ಬು ಹರಿಯುತ್ತದೆ. ಮುಸುಕು ಸರಿಸಬೇಕು. ಮಸುಕಾದದ್ದನ್ನು ಉಜ್ಜಬೇಕು, ಮಾಸಿದ್ದನ್ನು ಒಗೆಯಬೇಕು. ಪೊರೆ ತೆಗೆಯಬೇಕು. ಗೋಜಲು ಬಿಡಿಸಬೇಕು. ಕದಡಿದ ನೀರನ್ನು ಮುಟ್ಟದೆ ಬಿಡಬೇಕು, ಅದು ತಾನಾಗಿ ತಿಳಿಯಾಗುತ್ತದೆ. ಕೆಲವಕ್ಕೆ ಕಾಯಬೇಕು, ಕೆಲವಕ್ಕೆ ಕೈಹಾಕಬೇಕು, ಒಂದಕ್ಕೆ ವೈದ್ಯರೇ ಬೇಕು. ತೊಂದರೆಯ ಹೆಸರಿನಲ್ಲೇ ಪರಿಹಾರದ ದಾರಿ ಇದೆ. 'ಬ್ಲರ್' ಕನ್ನಡಕ್ಕೆ ಬಂದಾಗ ಅದರ ಜೊತೆ ಬಂದದ್ದು 'ಆಗು', 'ಮಾಡು' ಎರಡೇ. ಕದಡಿದ ನೀರಿನ ಜೊತೆ ಬರುವ 'ತಿಳಿ'ಯನ್ನೂ ನೋಡಿ. ತಿಳಿನೀರು, ತಿಳಿಸಾರು ಎನ್ನುವಾಗ ಅದು ನಿರ್ಮಲ, 'ನನಗೆ ತಿಳೀತು' ಎನ್ನುವಾಗ ಅದು ಅರಿವು.

ಎಲ್ಲ ಅಸ್ಪಷ್ಟತೆಯೂ ಕಾಯಿಲೆಯಲ್ಲ ಎಂಬುದನ್ನೂ ಹೇಳಬೇಕು. ಕ್ರಿ.ಪೂ. 4ನೇ ಶತಮಾನದ ಗ್ರೀಕ್ ತಾರ್ಕಿಕ ಯುಬುಲಿಡೀಸ್ ಹೆಸರಿನಲ್ಲಿ ರಾಶಿಯ ಒಗಟೊಂದಿದೆ. ಎಷ್ಟು ಕಾಳು ಸೇರಿದರೆ ರಾಶಿ? ಒಂದು ಕಾಳು ತೆಗೆದರೆ ರಾಶಿ ರಾಶಿಯಾಗಿ ಉಳಿಯದೆ? ಕಣದಲ್ಲಿ ರಾಗಿ ರಾಶಿ ಮಾಡಿ ಪೂಜೆ ಮಾಡುವ ನಮ್ಮ ರೈತ ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅವನಿಗೆ ರಾಶಿಯೂ ಗೊತ್ತು, ಅಳೆಯಬೇಕಾದಾಗ ಕೊಳಗವೂ ಗೊತ್ತು. 1965ರಲ್ಲಿ ಲೋತ್ಫಿ ಝಾದೆ ಅಂಚಿಲ್ಲದ ಗಣಗಳ ಗಣಿತ ಕಟ್ಟಿದರು, ಇಂದು ಬಟ್ಟೆ ಒಗೆಯುವ ಯಂತ್ರದೊಳಗೂ ಆ ತರ್ಕ ಇದೆ. ನಮ್ಮ 'ಕೂಗಳತೆ ದೂರ'ಕ್ಕೆ ಮೀಟರಿನ ಲೆಕ್ಕವಿಲ್ಲ, ಆದರೆ ಮಂಜಿನ ಬೆಳಿಗ್ಗೆ ಆನೆ ಬಂತೆಂದು ಪಕ್ಕದ ಹೊಲದವನನ್ನು ಎಚ್ಚರಿಸಲು ಅದಕ್ಕಿಂತ ನಂಬುವ ಅಳತೆ ಇಲ್ಲ. 'ನಾಲ್ಕೈದು', 'ಒಂಚೂರು', 'ಹತ್ತಿಪ್ಪತ್ತು' ನಮ್ಮವೇ. 'ಸುಮಾರು', 'ಅಂದಾಜು' ಪಾರಸಿಯಿಂದ ಬಂದವು, ಮೂಲದಲ್ಲಿ ಎಣಿಕೆ, ಅಳತೆಯ ಪದಗಳು. ಎಣಿಕೆಯ ಪದವೇ ಇಲ್ಲಿಗೆ ಬಂದು 'ಹೆಚ್ಚು ಕಡಿಮೆ' ಎಂಬ ಅರ್ಥ ಪಡೆಯಿತು.

ಹೇಳಲಾಗದ್ದಕ್ಕೂ ಜಾಗ ಕೊಟ್ಟ ಪರಂಪರೆಯೊಂದು ನಮ್ಮ ಪಕ್ಕದಲ್ಲೇ ಇದೆ. ಚಾಮರಾಜನಗರ ತಾಲೂಕಿನ ಮಲೆಯೂರಿನ ಕನಕಗಿರಿ ಜೈನರ ಪ್ರಾಚೀನ ಕ್ಷೇತ್ರ. ಜೈನರ ಸ್ಯಾದ್ವಾದದಲ್ಲಿ 'ಅವಕ್ತವ್ಯ', ಅಂದರೆ ಹೇಳಲಾಗದ್ದು, ಎಂಬುದಕ್ಕೇ ಒಂದು ನಿಯತ ಸ್ಥಾನವಿದೆ. 'ಸ್ಯಾತ್' ಎಂದರೆ 'ಇರಬಹುದೇನೋ' ಎಂಬ ಜಾರಿಕೆ ಅಲ್ಲ, 'ಈ ದೃಷ್ಟಿಯಿಂದ ನೋಡಿದರೆ' ಎಂಬ ಷರತ್ತು. ಮಾತಿನ ಮಿತಿಯನ್ನು ಒಪ್ಪಿಕೊಳ್ಳುವುದಕ್ಕೂ ಮಾತಿನಲ್ಲಿ ಅಡಗಿಕೊಳ್ಳುವುದಕ್ಕೂ ಅವರು ಅಷ್ಟು ಹಿಂದೆಯೇ ಗೆರೆ ಎಳೆದಿದ್ದರು.

ಅಡಗಿಕೊಳ್ಳುವ ಅಸ್ಪಷ್ಟತೆ ಬಡವರಿಗೆ ಪೆಟ್ಟು ಕೊಡುತ್ತದೆ. ಪೋಡಿ ಆಗದ ಜಮೀನನ್ನೇ ನೋಡಿ. ಪಹಣಿಯಲ್ಲಿ ಒಂದೇ ಸರ್ವೆ ನಂಬರಿಗೆ ಹತ್ತು ಹೆಸರು, ಯಾರ ತುಂಡು ಎಲ್ಲಿ ಎಂಬ ನಕ್ಷೆ ಇಲ್ಲ. ಬದುವಿನ ಗಲಾಟೆ, ಸಾಲ ಸಿಗದಿರುವುದು, ಮಾರಲಾಗದಿರುವುದು ಎಲ್ಲ ಅಲ್ಲಿಂದಲೇ. ಸುಪ್ರೀಂ ಕೋರ್ಟ್ 2015ರಲ್ಲಿ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದು ಮಾಡಿದ್ದಕ್ಕೆ ಒಂದು ಮುಖ್ಯ ಕಾರಣ ಅದರ ಪದಗಳಿಗೆ ಅಂಚೇ ಇಲ್ಲದಿದ್ದದ್ದು. ಯಾವ ಮಾತು ಅಪರಾಧ, ಯಾವುದು ಅಲ್ಲ ಎಂದು ಓದಿದವನಿಗೆ ತಿಳಿಯುತ್ತಿರಲಿಲ್ಲ. ಇಂಥದ್ದಕ್ಕೆ ಮಸುಕು, ಮಬ್ಬು ಯಾವುದೂ ಸಲ್ಲದು. 'ಹಿಡಿತಕ್ಕೆ ಸಿಗದ ಮಾತು' ಎಂದು ನೇರವಾಗಿ ಹೇಳುವುದೇ ಮೇಲು.

ಫೋನಿನ ಚಿತ್ರಕ್ಕೆ 'ಬ್ಲರ್' ಇರಲಿ, ಅದು ಈಗ ನಮ್ಮದೇ ಪದ. ನನ್ನ ಕೋರಿಕೆ ಇರುವುದು ಶಿಬಿರದ ಮೇಜಿನ ಹಿಂದೆ ಕೂರುವವರಲ್ಲಿ, ಪಠ್ಯಪುಸ್ತಕ ಬರೆಯುವವರಲ್ಲಿ, ಸುದ್ದಿ ಅನುವಾದಿಸುವವರಲ್ಲಿ. 'ಹೇಗೆ ಕಾಣುತ್ತೆ ಅವ್ವ?' ಎಂದು ಕೇಳಿ ಸುಮ್ಮನೆ ಒಂದು ನಿಮಿಷ ಕಾಯಲಿ. ಮಂಜೋ, ಮಬ್ಬೋ, ಕಣ್ಣ ಮುಂದೆ ಬಲೆ ಕಟ್ಟಿದಂತೋ, ಎರಡೆರಡಾಗಿಯೋ, ಹೇಳುವವರು ಹೇಳುತ್ತಾರೆ. ಅದನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳಲಿ.

ದೊಡ್ಡವ್ವನ ಬಲಗಣ್ಣಿಗೆ ಆಪರೇಷನ್ ಆಯಿತು. ಮಸೂರ ತೆಗೆದು ಬೇರೆಯದನ್ನು ಕೂರಿಸಿದರು, ಮಾರನೆಯ ದಿನ ಪಟ್ಟಿ ಬಿಚ್ಚಿದರು. ಮನೆಗೆ ಬಂದವಳು ಹೊಸಿಲಲ್ಲೇ ನಿಂತು ನಡುಮನೆಯ ಸುತ್ತ ಕಣ್ಣಾಡಿಸಿದಳು. 'ಮಂಜು ವೋಯ್ತು ಕಣ್ಲಾ' ಎಂದಳು. ಆಮೇಲೆ ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟು ಸವರಿ, 'ಸುಣ್ಣ ಇಷ್ಟೊಂದು ಮಾಸೋಗದಲ್ಲ, ಯಾರೂ ನಂಗೇಳ್ನೇ ಇಲ್ಲ' ಎಂದಳು.